ಅವ್ವ ನಟ್ಟ ಬಾಳಿ

ಮನೆಯಲ್ಲಿ ಕಳೆದ ವರ್ಷದ ಗರಿ ಇದ್ದರೆ ತಂದುಕೊಡಿ, ಬುಧವಾರಕ್ಕೆ ಬೂದಿ ಮಾಡಬೇಕು ಎಂದು ಚರ್ಚಿನಲ್ಲಿ ಗುರುಗಳು ಹೇಳಿದ್ದು 2020ರ ಫೆಬ್ರುವರಿ 23ರ ಭಾನುವಾರ. ವರ್ಷವರ್ಷವೂ ಹೇಳುವ ಮಾತೇ. ಗರಿಗಳ ಭಾನುವಾರ ಕೈಯಲ್ಲಿ ಹಿಡಿದು ಮೆರವಣಿಗೆ ಹೋದ ಗರಿಯನ್ನು ನಾವು ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸುತ್ತೇವೆ. ಅದು ವರ್ಷವೆಲ್ಲ ಅಲ್ಲೇ ಒಣಗುತ್ತದೆ. ಪಾಸ್ಖಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲ ಮತ್ತೆ ಬಂದಾಗ ಅದನ್ನೇ ಸುಟ್ಟು, ಆ ಬೂದಿಯನ್ನೇ ನಮ್ಮ ಹಣೆಗೆ ಹಚ್ಚುತ್ತಾರೆ.

ಕಲಬುರಗಿಯ ನನ್ನ ಬಾಡಿಗೆ ಮನೆಯ ಶಿಲುಬೆಯ ಹಿಂದೆ ಇದ್ದದ್ದು ಒಂದೇ ಗರಿ. 2019ರ ಏಪ್ರಿಲ್ 14ರಂದು ಅವ್ವ ಹಿಡಿದದ್ದು. ಆ ದಿನ ಅವಳಿಗೆ ಮೆರವಣಿಗೆಯಲ್ಲಿ ನಡೆಯಲು ಆಗಿರಲಿಲ್ಲ. ಚರ್ಚಿನ ಅಂಗಳದ ಫರಸಿ ಕಟ್ಟೆಯ ಮೇಲೆ ಕೂತು, ಜನ ಒಂದು ಸುತ್ತು ಹಾಕಿ ಬರುವವರೆಗೂ ಗರಿಯನ್ನು ಎರಡೂ ಕೈಯಿಂದ ನೆಟ್ಟಗೆ ಹಿಡಿದುಕೊಂಡೇ ಇದ್ದಳು. ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಇನ್ನೂ ಮೂರು ವಾರ ಇರುವಾಗ ಹೋಗಿಬಿಟ್ಟಳು.

ಆ ಗರಿಯನ್ನು ತೆಗೆಯಲೋ ಬೇಡವೋ ಎಂದು ಎರಡು ದಿನ ನೋಡಿದೆ. ಕೊನೆಗೆ ಪೇಪರಿನಲ್ಲಿ ಸುತ್ತಿ ಒಯ್ದು, ಉಳಿದವರ ಗರಿಗಳ ರಾಶಿಯ ಮೇಲಿಟ್ಟು ಬಂದೆ. ಫೆಬ್ರುವರಿ 26ರ ಬೂದಿ ಬುಧವಾರ ಸಂಜೆ ಸಾಲಿನಲ್ಲಿ ನಿಂತಾಗ, ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೇ ಹೋಗುವವನು ಎಂಬ ಮಾತು ನನ್ನ ಸರದಿಗೂ ಬಂತು. ಹಣೆಗೆ ಬೂದಿ ತಾಗಿತು. ಅದರಲ್ಲಿ ಅವ್ವನ ಗರಿಯೂ ಇದೆ ಎಂದು ಆ ಚರ್ಚಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ರಾತ್ರಿ ಮುಖ ತೊಳೆಯಲಿಲ್ಲ. ಬೆಳಿಗ್ಗೆ ನೋಡಿದರೆ ದಿಂಬಿನ ಮೇಲೆ ಮಸಿ ಇತ್ತು.

ಚರ್ಚಿಗೆ ಹೋದದ್ದು ರೂಢಿಯಿಂದ. ಅವ್ವ ಹೋದಂದಿನಿಂದ ನನಗೆ ಪ್ರಾರ್ಥನೆ ಕೂಡಿಬರುತ್ತಿರಲಿಲ್ಲ. ಪ್ರಭುವಿನ ಪ್ರಾರ್ಥನೆಯಲ್ಲಿ ದೇವರ ಚಿತ್ತ ನಡೆಯಲಿ ಎನ್ನುವ ಜಾಗ ಬಂದಾಗ ಬಾಯಿ ಕಟ್ಟುತ್ತಿತ್ತು. ಒಂದು ವರ್ಷ ಎರಡು ತಿಂಗಳು ಅವಳನ್ನು ವಾರಕ್ಕೆ ಎರಡು ಸಲ ಆಟೋದಲ್ಲಿ ಕೂರಿಸಿಕೊಂಡು ಡಯಾಲಿಸಿಸ್‌ಗೆ ಕರೆದೊಯ್ದವಳು ನಾನು. ನಾಲ್ಕು ತಾಸು ಯಂತ್ರದ ಪಕ್ಕ ಕೂತು, ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದೆ: “ಬರೋ ಪಾಸ್ಖ ಹಬ್ಬಕ್ಕ ನೀ ಊರಾಗ ಇರ್ತಿ, ನೋಡು.” ನಾನೇ ನಂಬದ ಮಾತನ್ನು ಅವಳಿಗೆ ಅಷ್ಟು ಸಲ ಹೇಳಿದೆನಲ್ಲ ಎಂಬುದು ಅವಳು ಹೋದ ಮೇಲೆ ಕೊರೆಯತೊಡಗಿತು. ಭರವಸೆ ಎಂಬ ಪದ ಕೇಳಿದರೆ ಸಾಕು, ಆ ಯಂತ್ರದ ಸದ್ದು ನೆನಪಾಗುತ್ತಿತ್ತು.

ಊರು ಅಂದರೆ ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸುಮಾರು 35 ಕಿಲೋಮೀಟರ್, ಬಸ್ಸಿನಲ್ಲಿ ತಾಸಿನ ಹಾದಿ. ಈ ಸೀಮೆಯಲ್ಲಿ ಕ್ರೈಸ್ತರು ಅಂದರೆ ಜನ ಮೊದಲು ಕೇಳುವುದು ಮೆಥೊಡಿಸ್ಟರಾ ಎಂದೇ. ಬೀದರದ ಕಡೆಯಂತೂ ಅವರೇ ಹೆಚ್ಚು. ನಾವು ಕಥೋಲಿಕರು ಬೆರಳೆಣಿಕೆಯವರು. ನಮ್ಮ ಮುತ್ಯಾ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದಾಗ ಅಲ್ಲಿನ ಕಥೋಲಿಕ ಕುಟುಂಬಗಳ ಜೊತೆ ಬೆರೆತು ದೀಕ್ಷಾಸ್ನಾನ ಪಡೆದ. ಅವ್ವ ಬೀದರ ಸೀಮೆಯ ಮೆಥೊಡಿಸ್ಟರ ಮಗಳು. ಮದುವೆಯಾಗಿ ಬಂದ ಮೇಲೆ ಜಪಸರ ಕಲಿತಳು, ಶಿಲುಬೆಯ ಹಾದಿ ಕಲಿತಳು. ಆದರೆ ಹುಟ್ಟಿದ ಮನೆಯ ಹಾಡುಗಳನ್ನು ಬಿಡಲಿಲ್ಲ. ರೊಟ್ಟಿ ಬಡಿಯುವಾಗ ಆ ಹಾಡು ತಾನಾಗಿ ಬರುತ್ತಿತ್ತು, ಅದರಲ್ಲಿ ಅಲ್ಲೆಲೂಯವೂ ಬರುತ್ತಿತ್ತು. ನಮ್ಮಲ್ಲಿ ಬೂದಿ ಬುಧವಾರದಿಂದ ಪಾಸ್ಖ ಜಾಗರಣೆಯ ರಾತ್ರಿಯವರೆಗೆ ಅಲ್ಲೆಲೂಯ ಹಾಡುವಂತಿಲ್ಲ. ಪೂಜೆಯಿಂದಲೇ ಅದನ್ನು ತೆಗೆದಿಟ್ಟಿರುತ್ತಾರೆ. ಅವ್ವ ಪ್ರತಿ ವರ್ಷ ಮರೆತು ಹಾಡುವುದು, ಅಪ್ಪ ಹೊರಗಿನಿಂದಲೇ “ಏ, ಇನ್ನಾ ತಪಸ್ಸು ಕಾಲ ಅದ” ಎಂದು ಕೂಗುವುದು, ಅವಳು ನಾಲಿಗೆ ಕಚ್ಚಿಕೊಳ್ಳುವುದು. ನನ್ನ ಬಾಲ್ಯದ ತಪಸ್ಸು ಕಾಲಗಳಲ್ಲಿ ಇದಿಲ್ಲದ ವರ್ಷ ಇಲ್ಲ.

ಕಲಬುರಗಿಗೆ ತನ್ನದೇ ಧರ್ಮಪ್ರಾಂತ್ಯ ಆದದ್ದು 2005ರಲ್ಲಿ. ರಾಬರ್ಟ್ ಮೈಕೆಲ್ ಮಿರಾಂದ ಅವರು ಮೊದಲ ಧರ್ಮಾಧ್ಯಕ್ಷರು. ಅದಕ್ಕೂ ಮೊದಲು ಹಬ್ಬದ ಪೂಜೆ ಅಂದರೆ ನಮಗೆ ದೊಡ್ಡ ಪ್ರಯಾಣವೇ. ಆಮೇಲೂ ಕಮಲಾಪುರದ ನಮ್ಮಂಥ ನಾಲ್ಕಾರು ಮನೆಯವರಿಗೆ ಗುರುಗಳು ಬಂದಾಗ ಯಾರದಾದರೂ ಅಂಗಳದಲ್ಲಿ ಪೂಜೆ, ಇಲ್ಲದಿದ್ದರೆ ಬಸ್ಸು ಹತ್ತಿ ಕಲಬುರಗಿ. ಅಪ್ಪನಿಗೆ ಇದರಿಂದ ಒಂದು ಅಭ್ಯಾಸವಾಗಿತ್ತು. ಗುರುಗಳಿಲ್ಲದ ದಿನ ಏನು ಮಾಡಬೇಕು ಎಂಬುದು ಅವನಿಗೆ ಗೊತ್ತಿತ್ತು. 2020ರಲ್ಲಿ ಜಗತ್ತಿನ ಕಥೋಲಿಕರೆಲ್ಲ ಅದನ್ನು ಹೊಸದಾಗಿ ಕಲಿಯಬೇಕಾಗಿ ಬಂತು.

ಕಮಲಾಪುರವನ್ನು ಜನ ಗುರುತಿಸುವುದು ಕೆಂಪು ಬಾಳೆಯಿಂದ. ಊರಿನ ಸುತ್ತಿನ ಕಣಿವೆಯಲ್ಲಿ, ರಾಜನಾಳ, ನವನಿಹಾಳದ ಹೊಲಗಳಲ್ಲಿ ಬೆಳೆಯುವ ಈ ಹಣ್ಣಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಸಿಪ್ಪೆ ಕೆಂಪು, ಒಳಗಿನ ತಿರುಳು ಕೆನೆ ಬಣ್ಣ. ಬೆಲೆ ಜಾಸ್ತಿ, ಹಾಗಾಗಿ ಶ್ರೀಮಂತರ ಹಣ್ಣು ಎಂಬ ಹೆಸರೂ ಬಿದ್ದಿದೆ. ಬೆಳೆಯುವವರು ಮಾತ್ರ ಶ್ರೀಮಂತರಲ್ಲ. ಬೇರೆ ಬಾಳೆ ವರ್ಷದೊಳಗೆ ಕೈಗೆ ಬಂದರೆ ಇದು ಹದಿನೆಂಟು ತಿಂಗಳ ಹತ್ತಿರ ತೆಗೆದುಕೊಳ್ಳುತ್ತದೆ. ಅಷ್ಟು ದಿನವೂ ನೀರು ಬೇಕು, ತಿಪ್ಪೆಗೊಬ್ಬರ ಬೇಕು, ಜೋರು ಗಾಳಿ ಬೀಸಬಾರದು. ಅದಕ್ಕೇ ಮೊದಲಿನಷ್ಟು ಜನ ಈಗ ಇದನ್ನು ಹಾಕುವುದಿಲ್ಲ. ಅಪ್ಪ ಬಿಡಲಿಲ್ಲ. ಅರ್ಧ ಎಕರೆಯಾದರೂ ಸರಿ, ಕೆಂಪು ಬಾಳಿ ಇರಲೇಬೇಕು.

ಅದರಲ್ಲಿ ಒಂದು ಸಾಲು ಅವ್ವನದು. 2018ರ ಮಳೆಗಾಲದಲ್ಲಿ ತಾನೇ ಕಂದು ಆರಿಸಿ, ತಾನೇ ಗುಣಿಗೆ ಇಳಿಸಿ ಮಣ್ಣು ತುಳಿದದ್ದು. ಹನ್ನೊಂದು ಗಿಡ. ಅದಾಗಿ ಎರಡು ತಿಂಗಳಿಗೆ ಡಯಾಲಿಸಿಸ್‌ಗೆಂದು ಎಡಗೈಗೆ ಫಿಸ್ಟುಲಾ ಮಾಡಿದರು. ಆ ಕೈಯಿಂದ ಭಾರ ಎತ್ತಬಾರದು ಎಂದರು. ಬಾಳೆಹಣ್ಣು ಮುಟ್ಟಲೇಬಾರದು ಎಂದೂ ಹೇಳಿದರು. ಕಿಡ್ನಿ ಕೆಲಸ ಮಾಡದವರ ರಕ್ತದಲ್ಲಿ ಪೊಟ್ಯಾಸಿಯಂ ನಿಂತುಬಿಡುತ್ತದೆ, ಬಾಳೆಯಲ್ಲಿ ಅದು ಹೆಚ್ಚು, ಹೃದಯಕ್ಕೆ ಕುತ್ತು. ಹೊಟ್ಟೆಗಿಲ್ಲದ ದಿನವೂ ಬಾಳೆಹಣ್ಣು ತಿಂದು ಹೊಲಕ್ಕೆ ಹೋಗುತ್ತಿದ್ದವಳು ಕೊನೆಯವರೆಗೂ ಒಂದು ತುಣುಕು ಬಾಯಿಗೆ ಹಾಕಲಿಲ್ಲ. ನೀರನ್ನೂ ಅಳೆದೇ ಕುಡಿಯಬೇಕು. 2019ರ ತಪಸ್ಸು ಕಾಲದಲ್ಲಿ ನಾನು ಶುಕ್ರವಾರ ಮಾಂಸ ಬಿಟ್ಟದ್ದನ್ನೇ ದೊಡ್ಡದಾಗಿ ಹೇಳಿದಾಗ ಅವ್ವ ನನ್ನ ತಲೆ ಸವರಿ, “ನಾ ನಟ್ಟಿದ್ದು ನೀವು ತಿಂತೀರಲ್ಲ, ಅಷ್ಟ ಸಾಕ್ ನನಗ” ಅಂದಳು. ಅವಳು ಹೋದ ಮೇಲೆ ನನಗೂ ಆ ಹಣ್ಣು ಗಂಟಲಲ್ಲಿ ಇಳಿಯಲಿಲ್ಲ.

ಬೂದಿ ಬುಧವಾರವಾಗಿ ಎರಡು ವಾರಕ್ಕೆ ಹೋಳಿ ಬಂತು. ಆ ಹೊತ್ತಿಗೇ, ಮಾರ್ಚ್ 10ರಂದು, ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಫೆಬ್ರುವರಿ ಕೊನೆಗೆ ಸೌದಿ ಅರೇಬಿಯಾದಿಂದ ಬಂದವರು. ಹೈದರಾಬಾದಿಗೆ ಒಯ್ದು ವಾಪಸು ಕರೆತರುವ ದಾರಿಯಲ್ಲಿ ಜೀವ ಹೋಗಿತ್ತು. 12ರಂದು ವರದಿ ಬಂತು. ದೇಶದಲ್ಲಿ ಕೊರೊನಾದಿಂದ ಆದ ಮೊದಲ ಸಾವು ಕಲಬುರಗಿಯದು ಎಂದು ಟಿವಿಗಳಲ್ಲಿ ಹಗಲುರಾತ್ರಿ ಹೇಳತೊಡಗಿದರು. ಒಂದೇ ರಾತ್ರಿಯಲ್ಲಿ ಕಲಬುರಗಿಯ ಹೆಸರೇ ಹೆದರಿಕೆಯಾಯಿತು. ಸೂಪರ್ ಮಾರ್ಕೆಟ್ ಪೇಟೆಯ ಬೀದಿಗಳು ಬರಿದಾದವು. ನಾನು ಕಲಿಸುವ ಶಾಲೆಗೆ ರಜೆ ಬಿತ್ತು. ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಆ ಹಿರಿಯರ ಮನೆಯವರ ಸ್ಥಿತಿ. ಅಳಲು ಬಿಡುವಿಲ್ಲ, ಮಣ್ಣಿಗೆ ಹತ್ತು ಜನ ಬರುವಂತಿಲ್ಲ, ಮೇಲೆ ಊರಿನವರ ಕಣ್ಣು. ನನ್ನ ಅವ್ವನ ಮಣ್ಣಿಗೆ ನಾಲ್ಕು ಊರಿನ ಜನ ಬಂದಿದ್ದರು. ಮೂರು ತಿಂಗಳಲ್ಲಿ ಮೊದಲ ಸಲ, ನನ್ನ ಪಾಲಿಗೆ ಏನೋ ಸಿಕ್ಕಿತ್ತಲ್ಲ ಎಂದು ಅನ್ನಿಸಿದ್ದು ಆಗ.

14ರ ಶನಿವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಪರಿಚಯದವರೇ ನಾಲ್ಕು ಹೆಜ್ಜೆ ಹಿಂದೆ ಸರಿದರು. “ಕಲಬುರಗಿಯಿಂದ ಬಂದ್ರ್ಯಾ?” ಎಂದು ದೂರದಿಂದಲೇ ಕೇಳಿದರು. ಅವರ ತಪ್ಪಲ್ಲ, ಯಾರಿಗೆ ಏನು ಗೊತ್ತಿತ್ತು. ಅಪ್ಪ ನನ್ನ ಚೀಲ ಇಸಿದುಕೊಂಡು ಮನೆಯ ದಾರಿ ಬಿಟ್ಟು ಹೊಲದ ದಾರಿ ಹಿಡಿದ.

“ಹದಿನಾಲ್ಕು ದಿನ ಮೋಟಾರ್ ಮನ್ಯಾಗ ಇರು ಯವ್ವಾ. ಊರಾಗ ಹಿರ್ಯಾರು ಹೇಳ್ಯಾರ. ನಾ ಊಟ ತಂದ್ ಇಡ್ತೀನಿ.”

ಬಾವಿಯ ಪಕ್ಕದ ಆ ತಗಡಿನ ಕೋಣೆಯಲ್ಲಿ ಒಂದು ಹೊರಸು, ಒಂದು ಕೊಡ, ಮೂಲೆಯಲ್ಲಿ ಸಲಿಕೆ, ಹಾರೆ. ಹಗಲು ಕೂರಲಾಗದಷ್ಟು ಕಾವು. ರಾತ್ರಿ ಕರೆಂಟು ಬಂದಾಗ ಮೋಟಾರ್ ಗುಂಯ್ ಎಂದು ಶುರುವಾಗುತ್ತಿತ್ತು. ಅಪ್ಪ ಬ್ಯಾಟರಿ ಹಿಡಿದು ಬಂದು ಮಡಿಗೆ ನೀರು ತಿರುವುತ್ತಿದ್ದ. ಯಂತ್ರದ ಆ ಸದ್ದಿಗೆ ನನಗೆ ಡಯಾಲಿಸಿಸ್ ಕೋಣೆಯೇ ನೆನಪಾಗಿ ಮೊದಲ ರಾತ್ರಿಗಳಲ್ಲಿ ಕಿವಿ ಮುಚ್ಚಿಕೊಂಡು ಮಲಗುತ್ತಿದ್ದೆ.

ಅಪ್ಪ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಬದುವಿನ ಮೇಲಿಟ್ಟು ದೂರ ಕೂರುತ್ತಿದ್ದ. ಮೂರನೆಯ ದಿನವೋ ನಾಲ್ಕನೆಯ ದಿನವೋ ಕೇಳಿದೆ, ರೊಟ್ಟಿ ಯಾರು ಬಡಿದದ್ದು ಎಂದು. ತಾನೇ ಎಂದ. ಮಾತಿನ ನಡುವೆ ಅವ್ವನ ಗಡಿಗೆಯ ವಿಷಯವೂ ಬಂತು. ತಪಸ್ಸು ಕಾಲದಲ್ಲಿ ಅವ್ವ ದಿನಾ ಹಿಟ್ಟಿಗೆ ಜೋಳ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದಳು. ಪವಿತ್ರ ವಾರ ಬರುವ ಹೊತ್ತಿಗೆ ಅದು ತುಂಬಿರಬೇಕು, ತುಂಬಿದ್ದನ್ನು ಇಲ್ಲದವರ ಮನೆಗೆ ಕೊಡಬೇಕು.

“ಗಡಿಗಿ ಹಂಗೇ ಅದ ಏನು ಅಪ್ಪಾ?”

“ಅದ. ಅರ್ಧ ಆಗ್ಯದ.”

“ಯಾರ್ ಹಾಕ್ಲತ್ತಾರ?”

ಅಪ್ಪ ನನ್ನ ಮುಖ ನೋಡಿದ. ಇದನ್ನೇನು ಕೇಳುತ್ತಾಳೆ ಎಂಬಂತೆ.

20ರ ಶುಕ್ರವಾರ ಇಳಿಹೊತ್ತಿಗೆ ಬಂದು, “ಎದ್ದು ಬಾ, ಶಿಲುಬಿ ಹಾದಿ ಮಾಡೋಣು” ಎಂದು ಕರೆದ. ಚರ್ಚಿನಲ್ಲಿ ಗೋಡೆಯ ಮೇಲೆ ಹದಿನಾಲ್ಕು ಚಿತ್ರಗಳಿರುತ್ತವೆ. ಯೇಸುಸ್ವಾಮಿಗೆ ತೀರ್ಪಾದಲ್ಲಿಂದ ಸಮಾಧಿಯವರೆಗೆ ಒಂದೊಂದರ ಮುಂದೆ ನಿಂತು, ಮಂಡಿಯೂರಿ, ಮುಂದಕ್ಕೆ ಹೋಗಬೇಕು. ಇಲ್ಲಿ ಗೋಡೆಯೂ ಇಲ್ಲ, ಚಿತ್ರವೂ ಇಲ್ಲ. ಅಪ್ಪ ಅವ್ವನ ಸಾಲಿನ ಮೊದಲ ಬಾಳೆಯ ಮುಂದೆ ನಿಂತ. ನಾನು ಸಾಲಿನ ಈಚೆ ಬದಿ, ಅವನು ಆಚೆ ಬದಿ. ನಡುವೆ ಗೊನೆ ಹೊತ್ತು ಬಾಗಿದ ಗಿಡಗಳು. ಅವನಿಗೆ ಪುಸ್ತಕ ಬೇಕಿರಲಿಲ್ಲ. ಒಂದೊಂದು ಗಿಡಕ್ಕೆ ಒಂದೊಂದು ಸ್ಥಳ ಹೇಳುತ್ತಾ, ಮಣ್ಣಿನ ಮೇಲೆ ಮಂಡಿಯೂರಿ ಏಳುತ್ತಾ ಹೋದ. ಏಳುವಾಗ ಬಾಳೆಯ ದಿಂಡನ್ನೇ ಹಿಡಿದುಕೊಳ್ಳುತ್ತಿದ್ದ. ನಾನು ಹಿಂದೆ ಹಿಂದೆ ಹೋದೆ. ಪ್ರಾರ್ಥನೆ ಮಾಡಿದೆ ಎಂದು ಹೇಳಲಾರೆ. ನಡೆದೆ, ಅಷ್ಟೇ.

ಅವ್ವನ ಸಾಲಿನಲ್ಲಿ ಇದ್ದದ್ದು ಹನ್ನೊಂದೇ ಗಿಡ. ಹನ್ನೊಂದನೆಯ ಸ್ಥಳ ಶಿಲುಬೆಗೆ ಮೊಳೆ ಜಡಿಯುವುದು. ಅಲ್ಲಿಗೆ ಸಾಲು ಮುಗಿಯಿತು. ನಾನು ನಿಂತುಬಿಟ್ಟೆ. ಸಾಯುವುದು, ಇಳಿಸುವುದು, ಮಣ್ಣು ಮಾಡುವುದು ಇನ್ನೂ ಉಳಿದಿದ್ದವು.

“ಈ ಕಡಿ ಬಾ” ಎಂದು ಅಪ್ಪ ಮಗ್ಗುಲ ಸಾಲಿಗೆ ಹೊರಳಿದ.

ಆ ಸಾಲಿನ ಗಿಡಗಳು ನನ್ನ ಮಂಡಿಗೂ ಬಂದಿರಲಿಲ್ಲ. ಹಸಿ ಹಸಿ ಎಲೆ, ಸುತ್ತ ಹೊಸ ಪಾತಿ. ಹನ್ನೆರಡನೆಯ ಸ್ಥಳಕ್ಕೆ ಅಪ್ಪ ಅಂಥ ಒಂದು ಮರಿಗಿಡದ ಮುಂದೆ ತಲೆಬಾಗಿಸಿ ಬಹಳ ಹೊತ್ತು ಸುಮ್ಮನಿದ್ದ. ಮುಗಿದ ಮೇಲೆ ಕೇಳಿದೆ, ಇವನ್ನು ಯಾವಾಗ ಹಚ್ಚಿದಿ ಎಂದು.

“ಸಂಕ್ರಾಂತಿ ಹೊತ್ತಿಗಿ.”

ಅವ್ವ ಹೋಗಿ ಆಗಿನ್ನೂ ಆರು ವಾರ. ಆ ಆರು ವಾರ ನಾನು ಕಲಬುರಗಿಯಲ್ಲಿ ಅವಳ ಸೀರೆಗಳ ಪೆಟ್ಟಿಗೆ ತೆರೆಯುವುದು ಮುಚ್ಚುವುದು ಮಾಡುತ್ತಾ ಕೂತಿದ್ದೆ. ಇಲ್ಲಿ ಎಪ್ಪತ್ತರ ಹತ್ತಿರದ ಈ ಮನುಷ್ಯ, ಒಬ್ಬನೇ, ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಿರಬೇಕು, ಗುಣಿ ತೋಡಿ ಹದಿನೆಂಟು ತಿಂಗಳ ಬೆಳೆಯನ್ನು ನಟ್ಟಿದ್ದ. ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ಅದನ್ನು ಅವನು ಭರವಸೆ ಎಂದು ಕರೆಯುತ್ತಿದ್ದನೋ ಇಲ್ಲವೋ. ಎಲ್ಲ ಸರಿಹೋಗುತ್ತದೆ ಎಂದು ಅವನು ನನ್ನ ಹಾಗೆ ಯಾರಿಗೂ ಹೇಳಿದವನಲ್ಲ. ಆ ರಾತ್ರಿ ಮೋಟಾರ್ ಶುರುವಾದಾಗ ಕಿವಿ ಮುಚ್ಚಿಕೊಳ್ಳಲಿಲ್ಲ. ಹೊರಗೆ ಬಂದು ನೋಡಿದೆ. ಬೆಳದಿಂಗಳಿಲ್ಲದ ಕತ್ತಲಲ್ಲಿ ಬ್ಯಾಟರಿಯ ಬೆಳಕು ಮರಿಗಿಡಗಳ ಕಡೆಗೇ ಹೋಗುತ್ತಿತ್ತು, ಜೊತೆಗೆ ನೀರೂ.

ಮಾರ್ಚ್ 25. ಅಂದು ಯುಗಾದಿ. ಗಬ್ರಿಯೇಲ ದೂತ ಮರಿಯಮ್ಮನಿಗೆ ಸುದ್ದಿ ತಂದ ಹಬ್ಬವೂ ಅಂದೇ. ಅಲ್ಲಿಂದ ಎಣಿಸಿದರೆ ಕ್ರಿಸ್ಮಸ್ಸಿಗೆ ಸರಿಯಾಗಿ ಒಂಬತ್ತು ತಿಂಗಳು. ದೇಶಕ್ಕೆ ಬೀಗ ಬಿದ್ದ ಮೊದಲ ದಿನವೂ ಅದೇ. ಪಕ್ಕದ ಹೊಲದವರು ಬದುವಿನ ಮೇಲೆ ಬೇವು-ಬೆಲ್ಲ ಇಟ್ಟು ಹೋದರು. ಹೊಲದಂಚಿನ ಬೇವಿನ ಮರ ಹೂ ಚೆಲ್ಲಿ ನನ್ನ ತಗಡಿನ ಮೇಲೆಲ್ಲ ಹಾಸಿತ್ತು. ಚರ್ಚುಗಳು ಮುಚ್ಚಿದವು. ಪವಿತ್ರ ವಾರದ ವಿಧಿಗಳು ಜನರಿಲ್ಲದೆ ನಡೆಯುತ್ತವೆ, ಪವಿತ್ರ ಗುರುವಾರ ಪಾದ ತೊಳೆಯುವುದು ಈ ವರ್ಷ ಇಲ್ಲ ಎಂದು ರೋಮಿನ ಆದೇಶ ಗುರುಗಳ ವಾಟ್ಸ್ಆ್ಯಪ್‌ನಿಂದ ಬಂತು.

27ರ ಶುಕ್ರವಾರ ನನ್ನ ಹದಿನಾಲ್ಕನೆಯ ದಿನ. ರೋಮಿನಲ್ಲಿ ಸಂಜೆ ಆರು, ನಮಗೆ ರಾತ್ರಿ ಹತ್ತೂವರೆ. ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಚೌಕದಲ್ಲಿ ಪ್ರಾರ್ಥನೆ ಮಾಡುತ್ತಾರೆ, ಫೋನಿನಲ್ಲಿ ನೋಡಬಹುದು ಎಂದಿದ್ದರು. ಬಾವಿಕಟ್ಟೆಯ ಮೇಲೆ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಫೋನನ್ನು ಕೊಡಕ್ಕೆ ಆನಿಸಿಟ್ಟು ನಾನೊಂದು ಕಡೆ, ಅಪ್ಪನೊಂದು ಕಡೆ ಕೂತೆವು. ನಿಂತು ನಿಂತು ಬರುವ ಚಿತ್ರ. ಲಕ್ಷಾಂತರ ಜನ ಸೇರುವ ಜಾಗದಲ್ಲಿ ಒಬ್ಬ ಮುದುಕರು, ಬಿಳಿ ಅಂಗಿ, ಒಬ್ಬರೇ ಮೆಟ್ಟಿಲು ಹತ್ತುತ್ತಿದ್ದಾರೆ. ಮಳೆ. ದೋಣಿಯಲ್ಲಿ ಯೇಸುಸ್ವಾಮಿ ಮಲಗಿದ್ದಾಗ ಬಿರುಗಾಳಿ ಎದ್ದ ಮಾರ್ಕನ ಶುಭಸಂದೇಶದ ಭಾಗ ಓದಿದರು. ಪಕ್ಕದಲ್ಲಿ ಒಂದು ಮರದ ಶಿಲುಬೆ ಇತ್ತು. 1522ರಲ್ಲಿ ರೋಮಿಗೆ ಪ್ಲೇಗು ಬಂದಾಗ ಜನ ಬೀದಿ ಬೀದಿ ಹೊತ್ತು ತಿರುಗಿದ ಸಂತ ಮಾರ್ಚೆಲ್ಲೊ ಚರ್ಚಿನ ಶಿಲುಬೆ. ಅದರ ಮೈಮೇಲಿಂದ ಮಳೆನೀರು ಇಳಿಯುತ್ತಿತ್ತು.

ಅಪ್ಪನಿಗೆ ಇಟಲಿಯ ಭಾಷೆ ತಿಳಿಯದು. ನನಗೂ ತಿಳಿಯದು. ಅವನು ನೋಡುತ್ತಿದ್ದದ್ದು ಆ ಮುದುಕರು ಕಾಲೆಳೆಯುವುದನ್ನು. “ಅವರಿಗೂ ಮೊಣಕಾಲ್ ನೋವು ಅದ ನೋಡು” ಅಂದ. ಆಮೇಲೆ ತಡೆದು, “ಖರೇ ಅಂದ್ರ, ಯಾರೂ ಇಲ್ದಾಗ ಮಾಡೋದೇ ಪ್ರಾರ್ಥನಾ” ಅಂದ. ಪೋಪರು ಆಶೀರ್ವಾದ ಕೊಡುವಾಗ ಎದ್ದು ನಿಂತು ತಲೆಯ ಟವೆಲ್ ತೆಗೆದ. ನಾನೂ ಎದ್ದೆ. ಪ್ರಭುವಿನ ಪ್ರಾರ್ಥನೆಯನ್ನು ಅಪ್ಪ ನಮ್ಮ ಮಾತಿನಲ್ಲಿ ಶುರು ಮಾಡಿದ. ಬಾಯಿ ಕಟ್ಟುವ ಜಾಗ ಬಂತು. ಅಪ್ಪನ ದನಿ ಅಲ್ಲಿ ನಡುಗಿತು. ಅವನಿಗೂ ಅಲ್ಲೇ ಕಟ್ಟುತ್ತಿತ್ತು, ಅಷ್ಟು ತಿಂಗಳೂ. ನನಗದು ಗೊತ್ತಿರಲಿಲ್ಲ. ಅವನಿಗೆ ಆಸರೆಯಾಗಲೆಂದು ನಾನು ಆ ಸಾಲನ್ನು ಗಟ್ಟಿಯಾಗಿ ಹೇಳಿದೆ.

ಮರುದಿನ ಮನೆ ಸೇರಿದೆ. ಹೊತ್ತಿಗೆ ಸರಿಯಾಗಿ ಗೊನೆಗಳು ಬಲಿಯತೊಡಗಿದ್ದವು. ಒಯ್ಯುವ ಗಾಡಿ ಇಲ್ಲ, ಮಾರ್ಕೆಟ್ಟು ಇಲ್ಲ. ಹೆದ್ದಾರಿಯಲ್ಲಿ ಆ ದಿನಗಳಲ್ಲಿ ಕಂಡದ್ದು ನಡೆಯುವ ಜನ. ಹೈದರಾಬಾದ್ ಕಡೆಯಿಂದ ಹುಮನಾಬಾದ್ ಹಾದು ಜೇವರ್ಗಿ, ಯಾದಗಿರಿ ಸೀಮೆಯ ತಮ್ಮ ಊರುಗಳಿಗೆ ಹೊರಟ ಕೂಲಿಯವರು. ತಲೆಯ ಮೇಲೆ ಗಂಟು, ಬಗಲಲ್ಲಿ ಕೂಸು. ಅಪ್ಪ ಮೊದಲ ಗೊನೆ ಕಡಿದು ಹಣ್ಣಾದ ಮೇಲೆ ರಸ್ತೆ ಬದಿಯ ಮರದ ಕೆಳಗೆ ಚಾಪೆ ಹಾಸಿ ಇಟ್ಟ. ನಾನು ಅವ್ವನ ಗಡಿಗೆಯ ಜೋಳ ಬೀಸಿಸಿ ರೊಟ್ಟಿ ಬಡಿದೆ. ಗಡಿಗೆ ಇನ್ನೂ ತುಂಬಿರಲಿಲ್ಲ, ಪವಿತ್ರ ವಾರವೂ ಬಂದಿರಲಿಲ್ಲ. ಕಾಯುವುದರಲ್ಲಿ ಅರ್ಥವಿಲ್ಲ ಎಂದು ಇಬ್ಬರಿಗೂ ಅನ್ನಿಸಿತು. ಕೂಲಿಯ ಹೆಂಗಸೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದು ಬಂದಳು. ಕುಡಿಯಲು ಕೊಟ್ಟ ತಂಬಿಗೆಯ ನೀರನ್ನು ಅರ್ಧ ಕುಡಿದು, “ಕಾಲ್ ಮ್ಯಾಲ ಒಂದೀಟು ಹಾಕ್ರೆವ್ವಾ” ಎಂದಳು. ಗುಳ್ಳೆ ಒಡೆದು ಧೂಳು ಮೆತ್ತಿದ ಪಾದ. ದೂರ ನಿಂತೇ ಕೊಡದಿಂದ ಸುರಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಹೊರಡುವಾಗ ಹಣ್ಣೊಂದನ್ನು ಸುಲಿದು ನೋಡಿ, ಒಳಗ ಬೆಣ್ಣಿ ಆಗ್ಯದ ಎಂದು ಮಗುವಿನ ಬಾಯಿಗಿಟ್ಟಳು.

ಏಪ್ರಿಲ್ 5, ಗರಿಗಳ ಭಾನುವಾರ. ಗರಿ ಇರಲಿಲ್ಲ. ಅಪ್ಪ ಅವ್ವನ ಸಾಲಿನ ಒಂದು ಬಾಳೆ ಎಲೆಯನ್ನು ಉದ್ದಕ್ಕೆ ಸೀಳಿ, ಒಂದು ಪಟ್ಟಿಯನ್ನು ಶಿಲುಬೆಯ ಹಿಂದೆ ಸಿಕ್ಕಿಸಿದ. ಅಂದು ರಾತ್ರಿ ಒಂಬತ್ತಕ್ಕೆ ಊರೆಲ್ಲ ದೀಪ ಹಚ್ಚಿ ಹೊಸ್ತಿಲಲ್ಲಿ ನಿಂತಿತ್ತು, ನಾವೂ ನಿಂತೆವು. ಗುರುವಾರ ಸಂಜೆ, ಪಾದ ತೊಳೆಯುವುದಿಲ್ಲದ ಪೂಜೆಯನ್ನು ಫೋನಿನಲ್ಲಿ ನೋಡಿ ನಾನು ಬೇಜಾರು ಮಾಡಿಕೊಂಡಾಗ ಅಪ್ಪ, “ಆ ಹೆಣ್ಮಗಳ ಕಾಲಿಗಿ ನೀ ನೀರ್ ಹಾಕಿದ್ದಿ ಅಲ್ಲ” ಎಂದಷ್ಟೇ ಹೇಳಿ ಎದ್ದು ಹೋದ.

ಶುಭ ಶುಕ್ರವಾರ ರಾತ್ರಿ ಗಾಳಿ ಎದ್ದಿತು. ಕಾವಿನ ದಿನಗಳಲ್ಲಿ ನಮ್ಮ ಕಡೆ ಹೀಗೆಯೇ, ಮಳೆ ನಾಲ್ಕು ಹನಿ, ಗಾಳಿ ಮಾತ್ರ ತಗಡು ಕಿತ್ತೊಯ್ಯುವಷ್ಟು. ಬೆಳಿಗ್ಗೆ ಹೊಲಕ್ಕೆ ಹೋದರೆ ಅವ್ವನ ಸಾಲಿನಲ್ಲಿ ಉಳಿದಿದ್ದ ಗಿಡಗಳಲ್ಲಿ ನಾಲ್ಕು ನೆಲಕ್ಕೆ ಒರಗಿದ್ದವು. ಒಂದು ಗೊನೆಯ ಕೆಳಗೆ ಆನಿಕೆ ಕೊಟ್ಟ ಬಿದಿರೇ ಮುರಿದಿತ್ತು. ನಾನು ಅಲ್ಲೇ ಕೂತು ಅತ್ತೆ. ಡಿಸೆಂಬರಿನಿಂದ ಹಾಗೆ ಅತ್ತಿರಲಿಲ್ಲ. ಅಪ್ಪ ಸುಮ್ಮನೆ ಬಿಟ್ಟ. ಆಮೇಲೆ ಕುಡುಗೋಲು ತಂದು ಗೊನೆಗಳನ್ನು ಬಿಡಿಸಿದ, ಬಿದ್ದ ದಿಂಡುಗಳನ್ನು ಬುಡಕ್ಕೆ ಕಡಿದ. ಬಾಳೆ ಒಂದೇ ಸಲ ಗೊನೆ ಹಾಕುವುದು. ಗೊನೆ ಇಳಿಸಿದ ಮೇಲೆ ಬೀಳದಿದ್ದರೂ ಕಡಿಯಲೇಬೇಕು. ಅದು ನಿಂತಿರುವಾಗಲೇ ಬುಡದಲ್ಲಿ ಕಂದುಗಳು ಎದ್ದಿರುತ್ತವೆ. ಹೊಲದಲ್ಲೇ ಬೆಳೆದವಳು ನಾನು, ಇದು ಗೊತ್ತಿಲ್ಲದ್ದೇನೂ ಅಲ್ಲ.

ಒಂದು ಬುಡದಲ್ಲಿ ಮೂರು ಕಂದು ಇದ್ದವು. ಒಂದನ್ನು ಬಿಟ್ಟು ಉಳಿದವನ್ನು ತೆಗೆಯಬೇಕು, ಇಲ್ಲದಿದ್ದರೆ ಯಾವುದಕ್ಕೂ ಬಲ ಬರುವುದಿಲ್ಲ. ಅಪ್ಪ ಹಾರೆಯನ್ನು ನನ್ನ ಮುಂದೆ ಹಿಡಿದ.

“ಯಾವುದು ಇಡಬೇಕು ಹೇಳು.”

“ನನಗ ಹ್ಯಾಂಗ ಗೊತ್ತಾಗ್ಬೇಕು?”

“ನಿಮ್ಮವ್ವ ಎಲಿ ನೋಡಿ ಆರಿಸ್ತಿದ್ಳು. ಎಲಿ ಸಣ್ಣಗ, ಕತ್ತಿ ಹಂಗ ಇರೋದು ಇಡು ಅಂತಿದ್ಳು. ಅಗಲ ಎಲೀದು ಚಂದ ಕಾಣ್ತದ, ಬಲ ಇರಲ್ಲ.”

ಬಗ್ಗಿ ನೋಡಿದೆ. ಕತ್ತಿಯಂಥ ಎಲೆಯದು ಮೂರರಲ್ಲಿ ಚಿಕ್ಕದು, ತಾಯಿ ಬುಡಕ್ಕೆ ಅಂಟಿಕೊಂಡೇ ಇತ್ತು. ಅದನ್ನು ತೋರಿಸಿದೆ. ಉಳಿದೆರಡನ್ನು ನಾನೇ ಹಾರೆ ಹಾಕಿ ಮೀಟಿ ತೆಗೆದೆ. ಪವಿತ್ರ ಶನಿವಾರ ಹಗಲು ಎಲ್ಲಿಯೂ ಪೂಜೆ ಇರುವುದಿಲ್ಲ, ಯೇಸುಸ್ವಾಮಿ ಮಣ್ಣಿನೊಳಗಿರುವ ದಿನ. ಸಂಜೆಯವರೆಗೂ ಅಪ್ಪ, ನಾನು ಆ ಸಾಲಿನ ಬುಡಗಳಿಗೆ ಗೊಬ್ಬರ ಹಾಕಿ ಮಣ್ಣು ಏರಿಸಿದೆವು. ಕೈಯಲ್ಲಿ ಬಾಳೆಯ ಕರೆ ಹತ್ತಿ ಎಷ್ಟು ತೊಳೆದರೂ ಹೋಗಲಿಲ್ಲ. ಆ ರಾತ್ರಿ ಅಂಗಳದಲ್ಲಿ ಒಂದು ಮೇಣದ ಬತ್ತಿ ಹಚ್ಚಿ ಅಪ್ಪ ಅಲ್ಲೆಲೂಯ ಎತ್ತಿಕೊಂಡ. ಚರ್ಚಿನ ರಾಗವಲ್ಲ, ಅವ್ವನ ರಾಗ. ಇಷ್ಟು ವರ್ಷ ಬೈಯುತ್ತಲೇ ಅದನ್ನು ಪೂರ್ತಿ ಕಲಿತಿದ್ದ.

ಬಿದ್ದ ಗೊನೆಗಳನ್ನು ಹುಲ್ಲು ಮುಚ್ಚಿ ಇಟ್ಟಿದ್ದೆವು. ಎರಡು ಪೂರ್ತಿ ಬಲಿತಿರಲಿಲ್ಲ, ಹಾಳಾದವು. ಎರಡು ಪಾಸ್ಖವಾಗಿ ಒಂದು ವಾರಕ್ಕೆ ಹಣ್ಣಾದವು. ಅದರಲ್ಲಿ ಒಂದು ಹಣ್ಣನ್ನು ಅಪ್ಪ ತಂದು ನನ್ನ ಕೈಗಿಟ್ಟ. ತಿಂದೆ.

ಮರುವರ್ಷದ ಬೂದಿಗೆ ಗರಿ ಕೇಳಿದಾಗ ಒಣಗಿ ಕಂದಾದ ಆ ಬಾಳೆ ಎಲೆಯ ಪಟ್ಟಿಯನ್ನು ಒಯ್ದು ಕೊಟ್ಟೆ. ಗುರುಗಳು ಏನಿದು ಎಂದು ಕೇಳಿದರು, ಹೇಳಿದೆ. ತಾವೇ ಅದನ್ನು ರಾಶಿಯ ಮೇಲಿಟ್ಟರು.

ಇದನ್ನು ಬರೆಯುತ್ತಿರುವುದು 2025ರ ತಪಸ್ಸು ಕಾಲದಲ್ಲಿ. ಈ ವರ್ಷ ಮಾರ್ಚ್ 5ಕ್ಕೆ ನಮಗೆ ಬೂದಿ ಬುಧವಾರ, ಅದಕ್ಕೆ ಮೂರು ದಿನ ಮೊದಲು ರಂಜಾನ್ ಉಪವಾಸ ಶುರುವಾಗಿತ್ತು. ನಮ್ಮ ಓಣಿಯಲ್ಲಿ ನಸುಕಿಗೆ ಪಾತ್ರೆ ಸದ್ದು, ಸಂಜೆ ಖರ್ಜೂರ, ಹಣ್ಣಿನ ಗಾಡಿಗಳು. ಕಮಲಾಪುರದ ಕೆಂಪು ಬಾಳೆಯೂ ಒಂದು ಗಾಡಿಯ ಮೇಲೆ ಕಂಡಿತು. ಕಥೋಲಿಕರಿಗೆ ಇದು ಜುಬಿಲಿ ವರ್ಷವೂ ಹೌದು. 25 ವರ್ಷಕ್ಕೊಮ್ಮೆ ಬರುವ ಇದನ್ನು ಪೋಪ್ ಫ್ರಾನ್ಸಿಸ್ ಭರವಸೆಯ ಯಾತ್ರಿಕರ ವರ್ಷ ಎಂದು ಕರೆದರು. ಹಾಗೆ ಕರೆದವರೇ ಫೆಬ್ರುವರಿ 14ರಿಂದ ಐದು ವಾರ ಆಸ್ಪತ್ರೆಯಲ್ಲಿದ್ದರು. ದಿನಾ ರಾತ್ರಿ ಅಪ್ಪ ಫೋನ್ ಮಾಡಿ, ಆ ಮುದುಕರು ಹ್ಯಾಂಗ ಇದ್ದಾರ ಎಂದು ಕೇಳುತ್ತಿದ್ದ. ಮಳೆಯಲ್ಲಿ ಒಬ್ಬರೇ ನಿಂತವರನ್ನು ಅವನು ಮರೆತಿಲ್ಲ.

ನಿನ್ನೆ ಸಂಜೆಯೂ ಫೋನ್ ಬಂತು. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ಹಿಟ್ಟಾಗಿತ್ತು, ಸ್ಪೀಕರಿಗೆ ಹಾಕಿ ಒಲೆಯ ಪಕ್ಕ ಇಟ್ಟೆ. ಅವ್ವನ ಸಾಲಿನಲ್ಲಿ ಮತ್ತೆ ಗೊನೆ ಇಳಿಸಿದ್ದಾಗಿದೆ, ಬುಡದಲ್ಲಿ ಎರಡು ಕಂದು ಅವೆ, ಎರಡರದ್ದೂ ಎಲೆ ಕತ್ತಿ ಹಾಗೇ ಕಾಣುತ್ತಿದೆ, ನೀನು ಬರುವವರೆಗೆ ಮುಟ್ಟುವುದಿಲ್ಲ ಎಂದ. ಶನಿವಾರ ಬರುತ್ತೇನೆ ಎಂದೆ. ಅವನು ಮೋಟಾರಿನದು ಏನೋ ಹೇಳುತ್ತಾ ಹೋದ. ನಾನು ಕೇಳುತ್ತಾ ಬಡಿಯುತ್ತಾ ಇದ್ದೆ, ಬಾಯಲ್ಲಿ ಹಾಡು ಯಾವಾಗ ಬಂತೋ ತಿಳಿಯಲಿಲ್ಲ. ಫೋನಿನ ಆಚೆ ಮಾತು ನಿಂತಿತು.

“ಏ,” ಅಂದ ಅಪ್ಪ, “ಇನ್ನಾ ತಪಸ್ಸು ಕಾಲ ಅದ.”